ಬರ್ನೀಸ್ ಕೇಳದ ಜೋಕು

೧

ಹೇಗೆ ಶುರು ಮಾಡುವುದು?

ಜೋಕಿನಿಂದಲೇ ಶುರು ಮಾಡಿದರಾಯಿತಲ್ಲ ಎನ್ನುತ್ತೀರಿ. ಆಗುವುದಿಲ್ಲ. ಆ ಜೋಕನ್ನು ಬರೆದರೆ ಈ ಕಥೆಯನ್ನು ಯಾರೂ ಅಚ್ಚು ಹಾಕುವುದಿಲ್ಲ. ಅಕಸ್ಮಾತ್ ಅಚ್ಚಾದರೆ ನನ್ನ ಅತ್ತಿಗೆ ಓದುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಭಯ ಎಂದು ನನ್ನನ್ನು ಕೇಳಬೇಡಿ.

ಸಿನಿಮಾದಿಂದ ಶುರು ಮಾಡೋಣ. ಟೆಸ್ ಮಹೋನಿ ಎಂಬ ಹುಡುಗಿ (ಮೂವತ್ತೊಂದು ವರ್ಷ, ನನ್ನ ವಯಸ್ಸಿಗೆ ಹುಡುಗಿಯೇ) ನ್ಯೂಯಾರ್ಕಿನಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾಳೆ. ಐವತ್ತೆರಡು ಮಂದಿ ಹಾಸ್ಯಗಾರರು ಒಬ್ಬರಾದ ಮೇಲೊಬ್ಬರು ಕ್ಯಾಮೆರಾ ಮುಂದೆ ಕೂತು ಒಂದೇ ಜೋಕನ್ನು ಹೇಳುತ್ತಾರೆ. ಅಷ್ಟೇ ಸಿನಿಮಾ. ಇದಕ್ಕೆ ದುಡ್ಡು ಹಾಕುವವರೂ ಸಿಕ್ಕಿದ್ದಾರೆ ಎಂಬುದೇ ಮೊದಲ ಜೋಕು.

ಕಸುಬಿನವರು ಅದನ್ನು ಕೊಡೆ ಜೋಕು ಎನ್ನುತ್ತಾರೆ. ಇಷ್ಟು ಹೊಲಸು ಜೋಕು ಇನ್ನೊಂದಿಲ್ಲ ಎಂಬ ಖ್ಯಾತಿ ಅದಕ್ಕೆ. ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಜನರೆಲ್ಲ ಹೋದ ಮೇಲೆ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಮೊದಲ ವಾಕ್ಯ ಎಲ್ಲರಿಗೂ ಒಂದೇ, ಕೊನೆಯ ವಾಕ್ಯ ಎಲ್ಲರಿಗೂ ಒಂದೇ. ಮಧ್ಯದ್ದು ಅವರವರದ್ದು. ಒಬ್ಬ ನಾಲ್ಕು ನಿಮಿಷದಲ್ಲಿ ಮುಗಿಸುತ್ತಾನೆ, ಇನ್ನೊಬ್ಬ ನಲವತ್ತು ನಿಮಿಷ ಕೊರೆಯುತ್ತಾನೆ.

ಕೊನೆಯ ವಾಕ್ಯ ನಿರಪಾಯ, ಕೊಡುತ್ತೇನೆ: "ಕೊಡೆ ಮಾತ್ರ ನಮ್ಮದಲ್ಲ." ಮೊದಲನೆಯದನ್ನು ಕೊಡುವುದಿಲ್ಲ. ಕೊಟ್ಟರೆ ಮಧ್ಯದ್ದನ್ನೆಲ್ಲ ನೀವೇ ಊಹಿಸಿಕೊಂಡು ತಪ್ಪನ್ನು ನನ್ನ ತಲೆಗೆ ಕಟ್ಟುತ್ತೀರಿ.

೨ (ಇದನ್ನು ಕೈಬಿಟ್ಟಿದ್ದೇನೆ)

೧೯೬೧ರ ಚಳಿಗಾಲದ ಒಂದು ಸಂಜೆ. ನಗರದ ಮೇಲೆ ಹಿಮ ಮೌನವಾಗಿ ಬೀಳುತ್ತಿತ್ತು. ಹಳೆಯ ಕೋಟು ತೊಟ್ಟ ತರುಣಿಯೊಬ್ಬಳು ಕ್ಲಬ್ಬಿನ ಮೆಟ್ಟಿಲಿಳಿದು…

"ಹಿಮ ಯಾಕೆ ಬೀಳ್ತಿದೆ?" ಎಂದಳು ಬರ್ನೀಸ್.

"ವಾತಾವರಣಕ್ಕೆ."

"ತೆಗಿ. ಮೆಟ್ಟಿಲು ಜಾರುತ್ತೆ. ಆಮೇಲೆ ಅದ್ಯಾವ ಹಳೇ ಕೋಟು? ನಮ್ಮಪ್ಪ ದರ್ಜಿ. ಆ ಬೀದೀಲಿ ನನ್ನ ಕೋಟಿನಂಥದ್ದು ಇನ್ಯಾರ ಹತ್ರಾನೂ ಇರ್ಲಿಲ್ಲ."

ತೆಗೆದೆ.

೩

ಬರ್ನೀಸ್ ಕ್ಯಾಪ್ಲೋಗೆ ಈಗ, ಅಂದರೆ ೨೦೦೨ರಲ್ಲಿ, ಎಪ್ಪತ್ತನಾಲ್ಕು. ನಲವತ್ತೊಂದು ವರ್ಷದಿಂದ ಜನರನ್ನು ನಗಿಸುವುದೇ ಕಸುಬು. ಅವಳ ಬಾಯಿ ಮಡಿಯೇನಲ್ಲ. ಗಂಡನ ಬಗ್ಗೆ, ಗಂಡನ ಹಲ್ಲಿನ ಡಾಕ್ಟರ ಬಗ್ಗೆ, ಆ ಡಾಕ್ಟರ ಒರಗುಕುರ್ಚಿಯ ಬಗ್ಗೆ ಅವಳು ಹೇಳುತ್ತಿದ್ದದ್ದನ್ನು ಕೇಳಿ ಬೆಟ್ಟದ ಮೇಲಿನ ಒಂದು ಹೋಟೆಲಿನವರು ಅರ್ಧ ಕಾರ್ಯಕ್ರಮದಲ್ಲೇ ಮೈಕು ಕಿತ್ತುಕೊಂಡಿದ್ದರು. ಒಮ್ಮೆ ಟೀವಿಯವರು ಮಾತಿನ ನಡುವೆಯೇ ಅವಳನ್ನು ಕತ್ತರಿಸಿ ಸಾಬೂನಿನ ಜಾಹೀರಾತು ಹಾಕಿದ್ದರು.

ಅಂಥವಳು ಕೊಡೆ ಜೋಕನ್ನು ಒಮ್ಮೆಯೂ ಕೇಳಿಲ್ಲ.

ಇದು ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಗೊತ್ತಾಯಿತು. ಟೆಸ್‌ಗೆ ಹೇಳಬೇಡಿ.

೪

ಅವಳು ಕಾರ್ಯಕ್ರಮ ಕೊಡುವ ಹಾಸ್ಯದ ಕ್ಲಬ್ಬಿನ ಹಿಂಬದಿಯಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ದುಂಡುಮೇಜು. ಹಾಸ್ಯಗಾರರು ಒಬ್ಬರ ಜೋಕಿಗೆ ಇನ್ನೊಬ್ಬರು ನಗುವುದಿಲ್ಲ. ನಕ್ಕರೆ ಅನನುಭವಿ ಎಂದು ತಿಳಿದುಕೊಳ್ಳುತ್ತಾರೆ. ತೀರ ಚೆನ್ನಾಗಿದ್ದರೆ ಮುಖ ಗಂಟಿಕ್ಕಿಕೊಂಡು "ಚೆನ್ನಾಗಿದೆ" ಎನ್ನುತ್ತಾರೆ, ಸಾಲದ ಬಡ್ಡಿ ಕಟ್ಟಿದವರ ಹಾಗೆ. ಆ ಮೇಜಿನಲ್ಲಿ ಬಾಯಿಬಿಟ್ಟು ನಗುತ್ತಿದ್ದದ್ದು ಕೊಡೆ ಜೋಕಿಗೆ ಮಾತ್ರ. ಬರ್ನೀಸ್ ತನ್ನ ಸರದಿ ಮುಗಿಸಿ ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಒಳಗಿನಿಂದ "ಕೊಡೆ ಮಾತ್ರ ನಮ್ಮದಲ್ಲ" ಎಂಬುದೂ, ಆಮೇಲೆ ಮೇಜು ಗುದ್ದುವ ಸದ್ದೂ ಕೇಳಿಸುತ್ತಿತ್ತು. ಬಾಗಿಲು ತೆರೆದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು.

"ಬಾ ಬರ್ನೀಸ್, ಕೂತ್ಕೊ."

"ಏನೋ ಅದು ಜೋಕು?"

"ಏನಿಲ್ಲ ಕಣೆ, ಸುಮ್ನೆ ಹರಟೆ. ನಿನ್ ತಂಗಿ ಮಂಡಿನೋವು ಹೇಗಿದೆ?"

ಕುರ್ಚಿ ಎಳೆದು ಕೊಡುತ್ತಿದ್ದವನು ಮರ್ರಿ ಡುಬಿನ್. ಬರ್ನೀಸ್ ಜೊತೆಯಲ್ಲೇ ಕಸುಬಿಗೆ ಬಂದವನು, ಅವಳ ಗಂಡ ಸತ್ತಾಗ ಸೂತಕದ ಏಳು ದಿನವೂ ಮನೆಗೆ ಬಂದು ಕೂತವನು. ಒಳ್ಳೆಯವನು. ಆ ಮೇಜಿನ ಸುತ್ತ ಇದ್ದವರೆಲ್ಲ ಒಳ್ಳೆಯವರೇ, ಅದೇ ಅವಳ ದುರದೃಷ್ಟ. ಒಬ್ಬನಾದರೂ ಕೆಟ್ಟವನಿದ್ದಿದ್ದರೆ ೧೯೬೨ರಲ್ಲೇ ಅವಳು ಜೋಕು ಕೇಳಿರುತ್ತಿದ್ದಳು.

ಮೂರು ವರ್ಷ ಬಿಡದೆ ಕೇಳಿದಳು. ಆಮೇಲೆ ಕೇಳುವುದಕ್ಕೆ ಅವಮಾನವಾಯಿತು. ಹತ್ತನೆಯ ವರ್ಷಕ್ಕೆ ಬರುವಷ್ಟರಲ್ಲಿ, ಅವಳಿಗೆ ಗೊತ್ತೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡರು. ಯಾರಾದರೂ ಕೊಡೆಯ ಮಾತೆತ್ತಿದರೆ ಅವಳೂ ಗೊತ್ತಿದ್ದವಳ ಹಾಗೆ ತಲೆಯಾಡಿಸತೊಡಗಿದಳು. ಒಮ್ಮೆ ತಲೆಯಾಡಿಸಿದ ಮೇಲೆ ಮುಗಿಯಿತಲ್ಲ, ಮೂವತ್ತು ವರ್ಷ ಆಡಿಸುತ್ತಲೇ ಇರಬೇಕು.

೫

(ನನ್ನ ವಿಷಯ ಬರಬಾರದೆಂದಿದ್ದೆ. ಬರದೆ ಆಗುವುದಿಲ್ಲ.)

ಆ ಕ್ಲಬ್ಬಿನಲ್ಲಿ ಹನ್ನೊಂದು ವರ್ಷದಿಂದ ದೀಪ ಬಿಡುವವನು ನಾನು. ಯಾರ ಮೇಲೆ ಎಷ್ಟು ಬೆಳಕು, ಯಾವಾಗ ಕತ್ತಲು, ಅದು ನನ್ನ ಕೆಲಸ. ಸೇರಿದ ಮೊದಲ ವಾರವೇ, ನನಗೆ ಅವರ ಇಂಗ್ಲಿಷು ಅರ್ಧಂಬರ್ಧ ಅರ್ಥವಾಗುತ್ತಿದ್ದಾಗಲೇ, ಮರ್ರಿ ನನ್ನ ಹೆಗಲ ಮೇಲೆ ಕೈ ಹಾಕಿ "ಬಾರೋ ದೀಪ, ನಿನಗೊಂದು ಹೇಳ್ತೀನಿ" ಎಂದು ಕೊಡೆ ಜೋಕನ್ನು ಪೂರ್ತಿ ಹೇಳಿದ್ದ. ನನ್ನ ಅರ್ಹತೆಯೇನು? ಪ್ಯಾಂಟು ಹಾಕಿಕೊಂಡಿದ್ದೆ, ಅಷ್ಟೇ.

ಇದನ್ನು ಒಂದು ದಿನ ಬಾಯಿತಪ್ಪಿ ಬರ್ನೀಸ್ ಮುಂದೆ ಹೇಳಿದೆ. ಅವಳು ಕಾಫಿಗೆ ಸಕ್ಕರೆ ಹಾಕುತ್ತಿದ್ದವಳು ಹಾಕುತ್ತಲೇ ಇದ್ದಳು.

"ಮೊದಲನೇ ವಾರ," ಎಂದಳು.

"ಹೌದು."

"ನಾನು ಕೇಳೇ ಇಲ್ಲ ಕಣೋ ಅದನ್ನ."

ನಾನು ತಮಾಷೆಯೆಂದುಕೊಂಡು ನಕ್ಕೆ. ಆ ನಗುವಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

೬

ಟೆಸ್‌ಗೆ ಐವತ್ತೊಂದು ಜನ ಸಿಕ್ಕಿದ್ದರು. ಎಲ್ಲರನ್ನೂ ನಮ್ಮ ಕ್ಲಬ್ಬಿನಲ್ಲೇ ಹಗಲು ಹೊತ್ತು ಕೂರಿಸಿ ಚಿತ್ರೀಕರಿಸುತ್ತಿದ್ದಳು. ಕೊನೆಯವರು ಯಾರಿರಲಿ ಎಂದು ಮರ್ರಿಯನ್ನು ಕೇಳಿದಾಗ ಅವನು ಹಿಂದೆಮುಂದೆ ನೋಡದೆ ಬರ್ನೀಸ್ ಹೆಸರು ಹೇಳಿದ. "ಆ ಮೇಜಲ್ಲಿ ಕೂತ ಒಬ್ಬಳೇ ಹೆಂಗಸು ಅವಳು. ಅವಳ ಹಾಗೆ ಯಾರೂ ಹೇಳಲ್ಲ" ಎಂದನಂತೆ. ಅವಳು ಹೇಳಿದ್ದನ್ನು ತಾನು ಯಾವತ್ತೂ ಕೇಳಿಲ್ಲ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಟೆಸ್ ಫೋನು ಮಾಡಿದಳು. ಬರ್ನೀಸ್ ಹ್ಞೂ ಎಂದಳು. ಆಮೇಲೆ ನನ್ನ ಹತ್ತಿರ ಬಂದಳು. (ಪಾತ್ರಗಳು ಲೇಖಕನ ಮನೆಗೆ ಬರುವುದನ್ನು ನೀವು ಬೇರೆಡೆ ಓದಿರುತ್ತೀರಿ. ಇವಳು ಎರಡು ಬಸ್ಸು ಬದಲಾಯಿಸಿಕೊಂಡು ಬಂದಳು.)

"ಯಾಕೆ ಒಪ್ಪಿಕೊಂಡ್ರಿ?" ಎಂದೆ.

"ಐವತ್ತೊಂದು ಗಂಡಸ್ರು ಆ ಸಿನಿಮಾದಲ್ಲಿರ್ತಾರೆ. ನಾನಿಲ್ಲ ಅಂದ್ರೆ ನಲವತ್ತೊಂದು ವರ್ಷ ನಾನೆಲ್ಲಿದ್ದೆ? ನಾನೂ ಈ ಕಸುಬಿನವಳು ಅಂತ ಯಾರು ನಂಬ್ತಾರೆ? ಹೇಳು, ಜೋಕು ಹೇಳು."

ನಾನು ಕಿಟಕಿಯ ಕಡೆ ನೋಡಿದೆ. "ಕನ್ನಡದಲ್ಲಿ ಬರೀತಿದ್ದೀನಿ. ಮನೆಮಂದಿಯೆಲ್ಲ ಓದ್ತಾರೆ."

"ಅವರಿಗೆ ಹೇಳಬೇಡ. ನನಗೆ ಹೇಳು."

"ನಿಮಗೆ ಹೇಳಿದ್ರೂ ಇಲ್ಲಿ ಬರೀಬೇಕಲ್ಲ."

"ಸರಿ ಹಾಗಾದ್ರೆ," ಎಂದು ಎದ್ದಳು. "ಕುರ್ಚಿ ಕೊಡೋದೊಂದು ಬಾಕಿ ಇತ್ತು, ಅದನ್ನೂ ಕೊಟ್ಟಿದ್ದೀಯ."

೭

ಅಂತ್ಯ ಅ:

ಬರ್ನೀಸ್ ಕ್ಯಾಮೆರಾ ಮುಂದೆ ಕೂತು ಏನೋ ಒಂದನ್ನು ಕಟ್ಟಿ ಹೇಳುತ್ತಾಳೆ. ಒಬ್ಬ ಟ್ಯಾಕ್ಸಿಯವನು, ಇಬ್ಬರು ಸನ್ಯಾಸಿನಿಯರು, ಒಂದು ಪಿಟೀಲು. ಕೊನೆಗೆ ಕೊಡೆಯ ಮಾತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

"ಮರ್ರಿ ನಗಲ್ಲ," ಎಂದಳು ಬರ್ನೀಸ್. "ಟ್ಯಾಕ್ಸಿ ಅಂದ ತಕ್ಷಣ ಅವನಿಗೆ ಗೊತ್ತಾಗುತ್ತೆ. ಪಾಪ, ಇವಳಿಗೆ ಗೊತ್ತಿಲ್ಲ ಅಂತ ಸುಮ್ನಿರ್ತಾನೆ. ಆ ಪಾಪ ನನಗೆ ಬೇಡ."

ಅಂತ್ಯ ಆ:

ಬರ್ನೀಸ್ ಕ್ಯಾಮೆರಾವನ್ನೇ ನೋಡುತ್ತ, ನಾನು ಈ ಜೋಕನ್ನು ಕೇಳಿಯೇ ಇಲ್ಲ, ಎನ್ನುತ್ತಾಳೆ. ಕ್ಯಾಮೆರಾ ನಿಧಾನಕ್ಕೆ ಅವಳ ಕಣ್ಣಿನ ಹತ್ತಿರ ಹೋಗುತ್ತದೆ. ಹಿನ್ನೆಲೆಯಲ್ಲಿ ಪಿಯಾನೋ.

"ಪಿಯಾನೋ ತೆಗಿ."

"ನಾನಲ್ಲ ಹಾಕಿದ್ದು, ಟೆಸ್ ಹಾಕ್ತಾಳೆ."

"ಗೊತ್ತು. ಅದಕ್ಕೇ ಆ ಅಂತ್ಯ ಬೇಡ. ಜನ ಎದ್ದು ಹೋದ್ರೆ ತಡಕೋತೀನಿ, ಬಾಟ್ಲಿ ಎಸೆದ್ರೆ ತಡಕೋತೀನಿ, ಎಸೆದಿದಾರೆ. ಕರ್ಚೀಫು ತೆಗೆದ್ರೆ ಮಾತ್ರ ನಾನು ಸತ್ತೆ."

ಅಂತ್ಯ ಇ: ಅವಳು ಹೋಗುವುದೇ ಇಲ್ಲ.

ಅವಳು ಕೋಟಿನ ಗುಂಡಿ ಹಾಕಿಕೊಂಡಳು.

೮

ಹೋದಳು. ಮಾರ್ಚ್ ತಿಂಗಳ ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ಹಗಲಿನಲ್ಲಿ ನಮ್ಮ ಕ್ಲಬ್ಬು ನೋಡುವಂತಿರುವುದಿಲ್ಲ. ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲಾಗಿ ಕೂತಿರುತ್ತವೆ, ನೆಲ ಹಳೆಯ ಬಿಯರು ನಾರುತ್ತದೆ. ವೇದಿಕೆಯ ಮೇಲೆ ಒಂದು ಸ್ಟೂಲು. ಬರ್ನೀಸ್ ಅದರ ಮೇಲೆ ಕೂತಳು. ಮರ್ರಿ ಮುಂದಿನ ಸಾಲಿನ ಮೇಜಿನಿಂದ ಒಂದು ಕುರ್ಚಿ ಇಳಿಸಿಕೊಂಡು ಅಲ್ಲೇ ಕೂತ. ನಾನು ದೀಪ ಬಿಟ್ಟೆ.

"ಶುರು ಮಾಡಿ ಬರ್ನೀಸ್. ಕ್ಯಾಮೆರಾ ಓಡ್ತಿದೆ," ಎಂದಳು ಟೆಸ್.

"ಮರ್ರಿ," ಎಂದಳು ಬರ್ನೀಸ್, "ಮೊದ್ಲು ನೀನು ಹೇಳು. ನನಗೆ."

ಮರ್ರಿ ನಕ್ಕ. "ನಾನು ನಿನ್ನೇನೇ ಹೇಳಿ ಮುಗಿಸಿದೆ ಕಣೆ."

"ಅದು ಕ್ಯಾಮೆರಾಗೆ. ಈಗ ನನಗೆ ಹೇಳು."

"ನಿನಗೆ ಗೊತ್ತಿರೋದೇ ಅಲ್ವೇನೆ?"

"ಇಲ್ಲ. ನಾನು ಒಳಗೆ ಬಂದಾಗೆಲ್ಲ ನೀವು ನಿಲ್ಲಿಸ್ತಿದ್ರಿ."

ಮರ್ರಿಯ ಮುಖದಲ್ಲಿ ನಲವತ್ತೊಂದು ವರ್ಷದ ಲೆಕ್ಕ ಒಂದೊಂದಾಗಿ ಓಡಿದ್ದನ್ನು ನಾನು ಮೇಲಿನಿಂದ ನೋಡಿದೆ. ಅವನು ಬಾಯಿ ತೆರೆದ. "ಗಂಡ…" ಎಂದ. ಮುಚ್ಚಿದ. ಕೆಂಪಗಾದ. ನಿನ್ನೆ ಅದೇ ಸ್ಟೂಲಿನ ಮೇಲೆ ಹದಿನೇಳು ನಿಮಿಷ ಒಂದಿಷ್ಟೂ ತಡವರಿಸದೆ ಹೇಳಿದ್ದ ಮನುಷ್ಯ ಎದ್ದು ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಿನ್ ತಂಗಿ ಮಂಡಿನೋವು ಹೇಗಿದೆ ಬರ್ನೀಸ್?" ಎಂದ.

"ಅವಳು ಸತ್ತು ಆರು ವರ್ಷ ಆಯ್ತು. ನೀನೂ ಬಂದಿದ್ದೆ."

ಟೆಸ್‌ಳ ಕೈ ಎದೆಯ ಮೇಲೆ ಹೋಯಿತು. ಪಿಯಾನೋ ಹತ್ತಿರ ಬರುತ್ತಿದೆ ಎಂದು ಬರ್ನೀಸ್‌ಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೇರ ನನ್ನ ಬೆಳಕಿನ ಕಡೆ ನೋಡಿದಳು.

"ಏಯ್ ದೀಪ. ನೀನು ಹೇಳು."

೯

ಓದುಗರೇ, ದಯವಿಟ್ಟು ಸ್ವಲ್ಪ ಹೊತ್ತು ಹೊರಗಿರಿ. ತಪ್ಪು ತಿಳಿಯಬೇಡಿ. ನಿಮ್ಮ ಬಗ್ಗೆ ಗೌರವವಿದೆ, ಅದಕ್ಕೇ ಹೇಳುತ್ತಿದ್ದೇನೆ. ಮುಗಿದ ಕೂಡಲೇ ನಾನೇ ಕರೆಯುತ್ತೇನೆ.

"ಅವ್ರನ್ನ ಯಾಕೆ ಹೊರಗೆ ಹಾಕ್ತೀಯ?" ಎಂದಳು ಬರ್ನೀಸ್. "ಹೊರಗೆ ನಿಂತ್ರೆ ಏನು ಕೇಳಿಸುತ್ತೆ ಅಂತ ನನ್ನನ್ನ ಕೇಳು. ಇರ್ಲಿ. ಬೇಡ ಅನ್ನೋರು ತಾವೇ ಹೋಗ್ತಾರೆ."

ನನ್ನ ಹತ್ತಿರ ಇನ್ನೊಂದು ನೆಪವಿರಲಿಲ್ಲ. ಹೇಳಿದೆ:

"ಗಂಡ ಸತ್ತ ಮಾರನೇ ದಿನ ಒಬ್ಬಳು ಹೆಂಗಸು ಶವಪೆಟ್ಟಿಗೆ ಮಾರೋ ಅಂಗಡಿಗೆ ಹೋದಳು."

ಬರ್ನೀಸ್ ಕೈ ಎತ್ತಿದಳು. "ತಡಿ. ಇದು ಮೊದಲನೇ ಸಾಲಾ?"

"ಹೌದು."

"ಎಲ್ಲರೂ ಇದನ್ನೇ ಹೇಳೋದಾ?"

"ಅಕ್ಷರ ಬಿಡದೆ."

"ಕೊನೇದು ನನಗೆ ಗೊತ್ತು. ಬಾಗಿಲಾಚೆ ಸಾವಿರ ಸಲ ಕೇಳಿದೀನಿ. ಮಧ್ಯದ್ದು ಅವರವರದ್ದು ಅಲ್ವಾ?"

"ಹೌದು."

"ಹಾಗಾದ್ರೆ ಸಾಕು ಬಿಡು."

ಆ ವಾಕ್ಯವನ್ನು ನೀವೇ ಇನ್ನೊಮ್ಮೆ ಓದಿ. ಒಬ್ಬಳು ಹೆಂಗಸು, ಒಂದು ಅಂಗಡಿ. ನನ್ನ ಅತ್ತಿಗೆ ಇದನ್ನು ನೆಂಟರ ಮುಂದೆ ಗಟ್ಟಿಯಾಗಿ ಓದಬಹುದು. ಇಷ್ಟನ್ನು ಬರ್ನೀಸ್‌ಳಿಂದ ಕಾಪಾಡುವುದಕ್ಕೆ ಎಷ್ಟು ಮಂದಿ ಎಷ್ಟು ಸಲ ಎದ್ದು ನಿಂತಿದ್ದೇವೆ. ನಿಮ್ಮಿಂದಲೂ ಎಂಟು ಭಾಗ ಬಚ್ಚಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬರ್ನೀಸ್ ಸ್ಟೂಲಿನ ಮೇಲೆ ಸರಿಯಾಗಿ ಕೂತು, ಸ್ಕರ್ಟಿನ ಸುಕ್ಕು ಸರಿಮಾಡಿಕೊಂಡು, ಕ್ಯಾಮೆರಾವನ್ನು ನೋಡಿದಳು.

"ಗಂಡ ಸತ್ತ ಮಾರನೇ ದಿನ," ಎಂದು ಶುರು ಮಾಡಿದಳು.

೧೦

ಇಲ್ಲಿ ಕಥೆ ಮುಗಿಯಬೇಕಿತ್ತು. ಅವಳು ಬಿಡುತ್ತಿಲ್ಲ.

ಒಂದು ಗಂಟೆ ಐವತ್ತು ನಿಮಿಷವಾಗಿದೆ. ಟೆಸ್ ಮೂರು ಸಲ ಟೇಪು ಬದಲಾಯಿಸಿದ್ದಾಳೆ. ಮೊದಲ ಟೇಪಿನಲ್ಲಿ ನಕ್ಕಳು, ಎರಡನೆಯದರಲ್ಲಿ ನಗಬಾರದಿತ್ತೇನೋ ಎಂಬ ಮುಖ ಮಾಡಿದಳು, ಈಗ ಕ್ಯಾಮೆರಾವನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದಾಳೆ. ಆ ವಿಧವೆ ೧೯೬೧ರ ಒಂದು ರಾತ್ರಿ ಅಂಗಡಿಯ ಹಿಂದಿನ ಕೋಣೆಗೆ ಹೋಗಿದ್ದಾಳೆ. ಅಲ್ಲೊಂದು ದುಂಡುಮೇಜಿದೆ. ಸುತ್ತ ಏಳು ಜನ ಸಭ್ಯಸ್ಥರಿದ್ದಾರೆ, ಎಲ್ಲರೂ ಎದ್ದು ನಿಂತು ಅವಳಿಗೆ ಕುರ್ಚಿ ಕೊಡುತ್ತಾರೆ. ಆಮೇಲೆ ಆ ಕುರ್ಚಿಗಳ ಮೇಲೆ, ಪೆಟ್ಟಿಗೆಗಳ ಒಳಗೆ, ಸತ್ತ ಗಂಡನ ಸಮಕ್ಷಮದಲ್ಲಿ ಆಗುವುದನ್ನು ನಾನು ಬರೆಯಲಾರೆ. ಅತ್ತಿಗೆಯ ಭಯದಿಂದಲ್ಲ, ನನಗೆ ಅಷ್ಟು ಶಕ್ತಿಯಿಲ್ಲ. ದೀಪ ಹಿಡಿದುಕೊಂಡು ಒಬ್ಬ ಬರುತ್ತಾನೆ. ಅವನ ಗತಿ ಕೇಳಬೇಡಿ.

ಮರ್ರಿ ಮೊದಲು ಗೋಡೆ ನೋಡುತ್ತಿದ್ದ. ಆಮೇಲೆ ಬಾಯಿಗೆ ಟೋಪಿ ಒತ್ತಿಕೊಂಡ. ಈಗ ಮೇಜಿನ ಮೇಲೆ ಮುಷ್ಟಿಯಿಂದ ಗುದ್ದುತ್ತಿದ್ದಾನೆ, ಕಣ್ಣಲ್ಲಿ ನೀರು. ಅದು ನಗುವೋ ಅಳುವೋ ಎಂದು ಟೆಸ್ ಕೇಳಿದಳು. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.

"ಬರ್ನೀಸ್," ಎಂದಳು ಟೆಸ್ ಮೆಲ್ಲಗೆ, "ಇದೇ ಕೊನೇ ಟೇಪು. ಆ ಕೊಡೆ ಸಾಲು ಹೇಳಿಬಿಡಿ, ಮುಗಿಸೋಣ."

"ಯಾಕಮ್ಮ? ಅದು ಎಲ್ಲರಿಗೂ ಗೊತ್ತಲ್ಲ."

ನಾನು ದೀಪ ಸಣ್ಣ ಮಾಡಿದೆ. ಸಮಯವಾಯಿತು ಎಂದು ಹಾಸ್ಯಗಾರರಿಗೆ ತಿಳಿಸುವುದು ಹಾಗೆ. ಅವಳು ತಲೆಯೆತ್ತಿ ನೋಡಿದಳು. ಮತ್ತೆ ದೊಡ್ಡದು ಮಾಡಿದೆ.

ಮರ್ರಿ ಮೇಜು ಹಿಡಿದುಕೊಂಡು ಎದ್ದ. ಎಪ್ಪತ್ತಾರು ವರ್ಷದವನು, ಎರಡು ಗಂಟೆಯಿಂದ ಕೂತಿದ್ದಾನೆ, ಮೂತ್ರಕ್ಕೆ ಹೋಗಬೇಕು ಎಂದು ಕೈಸನ್ನೆ ಮಾಡಿದ.

"ಕೂತ್ಕೊ ಮರ್ರಿ," ಎಂದಳು ಬರ್ನೀಸ್. "ನಾನಿನ್ನೂ ೧೯೬೩ಕ್ಕಷ್ಟೇ ಬಂದಿದ್ದೀನಿ."

ಮರ್ರಿ ಕೂತ.