ತಾಂಬೂಲ ಕೊಟ್ಟ ಮಸ್ಟಾಂಗ್

ಜಾನಕಮ್ಮ ಗ್ಯಾರೇಜಿನ ಬಾಗಿಲು ಎತ್ತಿ, ಮಸ್ಟಾಂಗಿಗೆ ಹೊದಿಸಿದ್ದ ಕವರನ್ನು ಒಂದೇ ಸಲಕ್ಕೆ ಎಳೆದುಹಾಕಿದರು. ಹೆಚ್ಚುಕಡಿಮೆ ನಲವತ್ತು ವರ್ಷದ ಕೆಂಪು ಕಾರು ಫಳಫಳ ಹೊಳೆಯಿತು. ಅವರ ಗಂಡ ವೆಂಕಟರಾಮಯ್ಯನವರ ಅಂತ್ಯಕ್ರಿಯೆಗೆ ಹೊರಟು ಸಿಡ್ನಿಯ ಬ್ಲ್ಯಾಕ್‌ಟೌನಿನ ಆ ಮನೆಯ ಮುಂದೆ ನಿಂತಿದ್ದವರೆಲ್ಲ ಅತ್ತ ತಿರುಗಿದರು.

"ಬಸವಣ್ಣೆಪ್ಪ, ಕಾರು ಹೊರಗೆ ತೆಗಿಯಪ್ಪ."

ಮೆಲ್ಬರ್ನಿನ ವಿಂಡಮ್ ವೇಲ್‌ನಿಂದ ಬೆಳಗಿನ ಫ್ಲೈಟ್ ಹಿಡಿದು ಬಂದಿದ್ದ ಬಸವಣ್ಣೆಪ್ಪ ತಬ್ಬಿಬ್ಬಾದ. "ಆಂಟಿ, ನಾ ಗಾಡಿ ಸಲುವಾಗಿ ಬಂದಿಲ್ರಿ. ಅಂಕಲ್ ಅವರ ಮಾರಿ ಒಮ್ಮಿ ನೋಡೂಣಂತ ಬಂದೀನ್ರಿ."

"ಗೊತ್ತು. ಆದ್ರೂ ತೆಗಿ. ಇವತ್ತು ನೀನು ಅದರಲ್ಲೇ ಮೆಲ್ಬರ್ನಿಗೆ ಹೋಗಬೇಕು."

ಮಗ ಆಕಾಶ್ ಅಡ್ಡ ಬಂದ. "ಅಮ್ಮ, ಪ್ಲೀಸ್. ಅದನ್ನ ಮಾರೋದೇ ಬೇಡ. ನಮ್ಮ ಗ್ಯಾರೇಜಲ್ಲಿ ಕವರ್ ಹಾಕಿ ಇಡ್ತೀನಿ, ಅಪ್ಪನ ನೆನಪಿಗೆ."

ಅಪ್ಪ ಆ ಕಾರಿನಲ್ಲಿ ನಾರ್ವೆಸ್ಟಿನ ಆಫೀಸಿಗೆ ಬಿಡಲು ಹೋದರೆ, ಅಲ್ಲಿಯವರು ನೋಡಿಯಾರೆಂದು ಎರಡು ಬೀದಿ ಆಚೆಯೇ ಇಳಿಯುತ್ತಿದ್ದ ಮಗ ಇವನು. ಸತ್ತ ಮೇಲೆ ಪ್ರೀತಿ ಉಕ್ಕುವುದಕ್ಕೆ ಖರ್ಚೇನಿದೆ?

*

ಮೈಸೂರಿನಲ್ಲಿ ಎಂಜಿನಿಯರ್ ಎನಿಸಿಕೊಂಡಿದ್ದ ವೆಂಕಟರಾಮಯ್ಯನವರಿಗೆ ಸಿಡ್ನಿ 'ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲ' ಎಂಬ ಒಂದೇ ಮಾತಿನಲ್ಲಿ ಬಾಗಿಲು ಹಾಕಿತ್ತು. ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತು ರಿಟೈರಾದರು. ತುಕ್ಕು ಹಿಡಿದ, ಬಾಗಿಲಿಲ್ಲದ ಅಮೆರಿಕದ ಈ ಕಾರನ್ನು ಅವರು ಮನೆಗೆ ಎಳೆಸಿ ತಂದ ದಿನ ಜಾನಕಮ್ಮ ಊಟ ಬಿಟ್ಟು ಜಗಳವಾಡಿದ್ದರು. ಆಮೇಲೆ ವರ್ಷಗಟ್ಟಲೆ ಮನೆಯ ದೋಸೆಗೂ ಗ್ರೀಸಿನ ವಾಸನೆ.

ಸ್ಟಿಯರಿಂಗನ್ನು ಬಲಕ್ಕೆ ಹಾಕಿಸಿ ಎಂದು ಎಲ್ಲರೂ ಬುದ್ಧಿ ಹೇಳಿದರು. "ಅದು ಹುಟ್ಟಿದ್ದೇ ಹಾಗೆ. ಊರು ಬದಲಾಯ್ತು ಅಂತ ಕೈ ಕಿತ್ತು ಆ ಕಡೆ ಅಂಟಿಸ್ತಾರೇನ್ರೀ?" ಎಂದು ಅವರು ಎಡಕ್ಕೇ ಉಳಿಸಿದರು. ಸಿಗ್ನಲ್ಲಿನಲ್ಲಿ ಬಲಗಡೆ ಕೂತ ಜಾನಕಮ್ಮನ ಮುಂದೆ ಸ್ಟಿಯರಿಂಗೇ ಕಾಣದೆ ಪಕ್ಕದ ಕಾರಿನವರು ಹೌಹಾರುತ್ತಿದ್ದರು. ಜಾನಕಮ್ಮ ಎರಡೂ ಕೈ ಎತ್ತಿ ಅವರಿಗೆ ನಮಸ್ಕಾರ ಮಾಡುತ್ತಿದ್ದರು.

ಕಾಯಿಲೆ ಬಂದಾಗ ಮಾರಲು ಹೊರಟರು. ಬಂದವರೆಲ್ಲ ಕಾರಿನ ಮೈ ಸವರಿ, ಎಲ್ಲಿ ನಿಲ್ಲಿಸಿದರೆ ಚೆಂದ ಎಂದು ಯೋಚಿಸಿದರು. ಬಸವಣ್ಣೆಪ್ಪನೊಬ್ಬ, "ಮೆಲ್ಬರ್ನ್ ತನಕ ಓಡಿಸ್ಕೋಂತ ಹೋಗಬಹುದಲ್ರೀ ಅಂಕಲ್?" ಎಂದು ಕೇಳಿದ. ಅಷ್ಟೇ ಸಾಕಾಯಿತು. ಅಡ್ವಾನ್ಸ್ ಕೊಡಲು ಬಂದವನ ಕೈ ತಡೆದು, ಹೆಂಡತಿಯ ಕೈಯಿಂದ ಎಲೆ ಅಡಿಕೆ ಕೊಡಿಸಿದರು. "ತಾಂಬೂಲ ಆಯ್ತು. ಇನ್ನು ಇದು ನಿಮ್ಮನೆ ಹೆಣ್ಣು."

*

"ಸೂತಕದ ಮನೆಯಿಂದ ವಸ್ತು ಹೊರಗೆ ಹೋಗಬಾರದು ಜಾನಕಮ್ಮ," ಎಂದರು ತ್ರಿವಿಕ್ರಮ. ರಿಟೈರಾದ ಪ್ರೊಫೆಸರ್, ಇಲ್ಲಿನ ಕನ್ನಡಿಗರಿಗೆ ಪುರೋಹಿತರೂ ಅವರೇ.

"ತಾಂಬೂಲ ಕೊಟ್ಟಾಗಿದೆ. ಕೊಟ್ಟ ಹೆಣ್ಣು ನಮ್ಮದಲ್ಲ."

"ಕೊಟ್ಟ ಹೆಣ್ಣಿಗೂ ಮೂರು ದಿನ ಸೂತಕ ಇದೆ."

"ಹೆಣ್ಣಿಗೆ ಇದೆ. ಕಾರಿಗೆ ಯಾವ ಶಾಸ್ತ್ರದಲ್ಲಿ ಬರೆದಿದೆ, ತೋರಿಸಿ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಯಾರೋ ನಗುವನ್ನು ಕೆಮ್ಮಿನಲ್ಲಿ ಅಡಗಿಸಿದರು.

"ವೈಕುಂಠ ಮುಗಿಯೋ ತನಕ ಆದ್ರೂ ಕಾಯಬಹುದಲ್ವಾ ಅಮ್ಮ?" ಎಂದ ಆಕಾಶ್.

"ಕಾದ್ರೆ ನೀನು ಕವರ್ ಹಾಕ್ತೀಯ. ಆಮೇಲೆ ಅದನ್ನ ಯಾರೂ ತೆಗಿಯಲ್ಲ. ನಿಮ್ಮಪ್ಪ ಅದನ್ನ ಓಡಲಿ ಅಂತ ಮಾಡಿದ್ದು." ದನಿ ಒಡೆಯಿತು. ಆದರೂ ಮಾತು ಬಿಡಲಿಲ್ಲ. "ಅವರನ್ನ ಸುಡ್ತೀರಿ, ಸರಿ. ಅವರು ಕೊಟ್ಟ ಮಾತನ್ನ ಸುಡೋದಕ್ಕೆ ನಾನು ಬಿಡಲ್ಲ."

ಹೇಳಿ, ಹೋಗಿ ಬಲಗಡೆಯ ಸೀಟಿನಲ್ಲಿ ಕೂತರು. ಬಸವಣ್ಣೆಪ್ಪ ಒಮ್ಮೆ ಆಕಾಶನ ಮುಖ ನೋಡಿ, ತಾನೂ ಎಡಗಡೆ ಹತ್ತಿ ಕಾರನ್ನು ಚಿತಾಗಾರದ ಕಡೆ ತಿರುಗಿಸಿದ.

*

ಕ್ರಿಯೆ ಮುಗಿದ ಮೇಲೆ ಚಿತಾಗಾರದ ಬಾಗಿಲಲ್ಲೇ ಜಾನಕಮ್ಮ ಬಸವಣ್ಣೆಪ್ಪನಿಗೆ ಹೇಳಿದರು: "ಇಲ್ಲಿಂದಲೇ ಹೊರಡಪ್ಪ. ಮನೆಗೆ ಬಂದ್ರೆ ಇವರು ಮತ್ತೆ ಶುರು ಮಾಡ್ತಾರೆ. ಊರು ಮುಟ್ಟಿದ ಮೇಲೆ ದುಡ್ಡು ಕಳಿಸು."

ಅವನು ಕಾಲು ಮುಟ್ಟಲು ಬಗ್ಗಿದ. ಸೂತಕ ಎಂದು ಯಾರೋ ತಡೆಯಲು ಬಂದರು. ಜಾನಕಮ್ಮ ಕಾಲು ಹಿಂದಕ್ಕೆಳೆಯಲಿಲ್ಲ.

"ಎಲ್ಲರೂ ಹೊರಡಿ. ಯಾರೂ ಹಿಂದೆ ತಿರುಗಿ ನೋಡಬಾರದು," ಎಂದರು ತ್ರಿವಿಕ್ರಮ. ತಲೆ ತಗ್ಗಿಸಿ ಎಲ್ಲರೂ ತಂತಮ್ಮ ಕಾರುಗಳ ಕಡೆ ನಡೆದರು. ಬೆನ್ನ ಹಿಂದೆ ಎಂಜಿನ್ ಗುಡುಗಿತು.

ಜಾನಕಮ್ಮ ನಿಂತರು. ಸೆರಗು ಬಿಗಿದುಕೊಂಡು, ಪೂರ್ತಿ ತಿರುಗಿ, ಗೇಟು ದಾಟುತ್ತಿದ್ದ ಕೆಂಪು ಕಾರನ್ನು ಕಣ್ಣು ಕೀಳದೆ ನೋಡಿದರು.

"ಅಮ್ಮ, ನೋಡ್ಬಾರ್ದಂತೆ," ಎನ್ನುತ್ತ ಆಕಾಶ್ ಅವರ ತೋಳು ಹಿಡಿದ.

ಅವರು ಕದಲಲಿಲ್ಲ. ಕಾರು ಹೈವೇ ಕಡೆ ಹೊರಳುವ ಹೊತ್ತಿಗೆ ಅವನೂ ತಿರುಗಿ ನಿಂತಿದ್ದ.