ಸಂಗೀತಾಳ ಕಂಪನಿಯ ಷೇರು ಏರಿದ ದಿನ

ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಪಕ್ಕದ ಮನೆಯವರು ಪರದೆ ಒಣಹಾಕಿರಬೇಕು, ಬಂದ ಕೂಡಲೇ ಅಪ್ಪನ ಜವಳಿ ಅಂಗಡಿ, ಸುರುಳಿ ಬಿಚ್ಚಿ ಹರಡುವಾಗ ಮೂಗಿಗೆ ಬಡಿಯುತ್ತಿದ್ದ ಅದೇ ವಾಸನೆ, ಊರಿನಲ್ಲಿ ಮಗ್ಗ ನಿಂತರೆ ಅಂಗಡಿಗೆ ಗಿರಾಕಿ ಇಲ್ಲ, ಗಿರಾಕಿ ಇಲ್ಲದಿದ್ದರೆ ಅಪ್ಪನ ಮುಖ ಬಾಡುತ್ತಿತ್ತು, ಮನೆಯಲ್ಲಿ ಸಾರು ತೆಳ್ಳಗಾಗುತ್ತಿತ್ತು, ಕೆಟ್ಟ ಸುದ್ದಿಗೆ ಕೆಟ್ಟ ಮುಖ, ಒಂದಕ್ಕೊಂದು ಹೊಂದುತ್ತಿತ್ತು ಆಗ — ಈಗ ಹಾಗಿಲ್ಲ, ನಿನ್ನೆ ಪೇಪರಿನ ಮುಖಪುಟದಲ್ಲಿ ಯುದ್ಧ, ಅಮೆರಿಕದ ಸುಂಕ, ರೂಪಾಯಿ ಕುಸಿತ, ಒಳಪುಟದಲ್ಲಿ ಸೆನ್ಸೆಕ್ಸ್ ಜಿಗಿತ, ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವಳು, ನನಗೂ ಇದು ಅರ್ಥವಾಗದೆ ತಮ್ಮನ ಮಗ ಭಾರ್ಗವನಿಗೆ ಫೋನ್ ಮಾಡಿದೆ, ಅತ್ತೆ, ತಿಂಗಳು ತಿಂಗಳೂ ಜನರ ಖಾತೆಯಿಂದ ಎಸ್‌ಐಪಿ ದುಡ್ಡು ತಾನಾಗೇ ಕಟ್ ಆಗಿ ಮಾರ್ಕೆಟ್‌ಗೆ ಹೋಗತ್ತೆ, ಆ ದುಡ್ಡಿಗೆ ಪೇಪರ್ ಓದಕ್ಕೆ ಬರಲ್ಲ, ಅಂದ, ನಕ್ಕೆ, ಆಮೇಲೆ ಹೇಳಿದ, ನಿಮ್ಮ ಗಾರ್ಮೆಂಟ್ಸ್ ಷೇರೂ ಇವತ್ತು ಸಖತ್ತಾಗಿ ಏರಿದೆ, ಯಾಕೋ ನೋಡಿ ಹೇಳ್ತೀನಿ.

ಅದನ್ನು ಕೊಂಡದ್ದಾದರೂ ಯಾಕೆ, ಮಹಡಿ ಮನೆಯ ಸಂಗೀತಾ ಆ ಕಂಪನಿಯ ಬೊಮ್ಮನಹಳ್ಳಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಅಂತ, ಅಷ್ಟೇ, ಮಳೆ ಬಂದ ಬೆಳಿಗ್ಗೆ ಗೇಟಿನ ಬಳಿ ಬಿದ್ದ ನನ್ನ ಪೇಪರನ್ನು ಒರೆಸಿ ಕಿಟಕಿಯಲ್ಲಿ ಸಿಕ್ಕಿಸಿ ಬಸ್ಸಿಗೆ ಓಡುವ ಹುಡುಗಿ, ಅವಳಿಗೆ ಅನ್ನ ಕೊಡುವ ಕಂಪನಿ ಚೆನ್ನಾಗಿರಲಿ ಅಂತ ಹರಕೆ ಹೊತ್ತ ಹಾಗೆ ಕೊಂಡೆ, ಅತ್ತೆ, ಷೇರು ತಗೋತಿದೀರೋ ಮುಯ್ಯಿ ಮಾಡ್ತಿದೀರೋ, ಅಂತ ಭಾರ್ಗವ ರೇಗಿಸಿದ್ದ, ವರ್ಷಗಟ್ಟಲೆ ಮಲಗಿದ್ದು ನಿನ್ನೆ ಎದ್ದು ಓಡಿತು, ಮಧ್ಯಾಹ್ನ ಮೆಟ್ಟಿಲ ಬಳಿ ಅವಳೇ ಸಿಕ್ಕಳು, ಇಷ್ಟು ಬೇಗ ಯಾಕೆ ಬಂದೆ ಅಂತ ಕೇಳಬೇಕಿತ್ತು, ಕೇಳಲಿಲ್ಲ, ನಿಮ್ಮ ಕಂಪನಿ ಷೇರು ಏರಿದೆ ಕಣಮ್ಮ, ಸ್ವೀಟ್ ಕೊಡಿಸಬೇಕು ನೀನು, ಅಂದೆ, ಹೌದಾ ಆಂಟಿ, ಒಳ್ಳೇದಾಯ್ತು ಬಿಡಿ, ಅಂದಳು, ನಕ್ಕಳು ಕೂಡ, ಕಂಬಿ ಹಿಡಿದು ನಿಧಾನವಾಗಿ ಹತ್ತಿದಳು, ನಾನು ಒಳಗೆ ಬಂದು ಒಗ್ಗರಣೆ ಹಾಕಿದೆ.

ನಿನ್ನೆ ಸಂಜೆ ಭಾರ್ಗವನ ಫೋನ್, ಬೊಮ್ಮನಹಳ್ಳಿ ಫ್ಯಾಕ್ಟರಿ ಮುಚ್ಚಿದಾರಂತೆ ಅತ್ತೆ, ಅಲ್ಲಿದ್ದವರನ್ನೆಲ್ಲ ತೆಗೆದರಂತೆ, ಸಂಬಳದ ಖರ್ಚು ಉಳೀತು, ಲಾಭ ಜಾಸ್ತಿ ಆಗತ್ತೆ, ಅದಕ್ಕೇ ಏರಿರೋದು, ಮಾರ್ಕೆಟ್ ನೋಡೋದು ಇವತ್ತನ್ನಲ್ಲ, ಮುಂದಿನ ವರ್ಷಾನ, ಈಗ್ಲೇ ಮಾರ್ಬೇಡಿ — ಆ ಮುಂದಿನ ವರ್ಷದಲ್ಲಿ ಸಂಗೀತಾ ಇಲ್ಲ, ಇಲ್ಲ ಅಂತಲೇ ಮಾರ್ಕೆಟ್‌ಗೆ ಸಂತೋಷ, ಕೆಲಸ ಕಳೆದುಕೊಂಡು ಬಂದವಳ ಹತ್ತಿರ ಸ್ವೀಟ್ ಕೇಳಿದೆನಲ್ಲ, ಇವತ್ತು ಬೆಳಗಿನಿಂದ ಮೆಟ್ಟಿಲವರೆಗೆ ಹೋಗಿ ಹೋಗಿ ವಾಪಸ್ಸು ಬರುತ್ತಿದ್ದೇನೆ, ಹತ್ತಿ ಏನು ಹೇಳಲಿ, ಗೊತ್ತಿರಲಿಲ್ಲಮ್ಮ ಅಂದರೆ ಅವಳು ನನ್ನನ್ನೇ ಸಮಾಧಾನ ಮಾಡುತ್ತಾಳೆ, ಅದನ್ನು ಹೇಗೆ ತಡೆಯಲಿ, ಮಾರಿ ಆ ದುಡ್ಡು ಕೊಡಲೇ, ಯಾವ ಮುಖದಿಂದ, ಮತ್ತೆ ನಿನ್ನೆಯ ಆ ನಗು — ಯಾರೋ ಬಾಗಿಲು ತಟ್ಟುತ್ತಿದ್ದಾರೆ, ತೆರೆದರೆ ಅವಳೇ, ಕಣ್ಣು ಊದಿದೆ, ತಲೆ ಬಾಚಿ ಹೂ ಮುಡಿದಿದ್ದಾಳೆ, ಇನ್ಮೇಲೆ ಮಧ್ಯಾಹ್ನ ಮನೇಲೇ ಇರ್ತೀನಲ್ಲ ಆಂಟಿ, ನಿಮಗೂ ಸೇರಿಸಿ ಮಾಡ್ದೆ, ಅನ್ನುತ್ತಾಳೆ, ಕೈ ಚಾಚುತ್ತೇನೆ, ಬಿಸಿ ಇದೆ ಹುಷಾರು, ಅನ್ನುತ್ತಾಳೆ, ಮುಚ್ಚಿದ ಪಾತ್ರೆ, ಅಂಚಿನಲ್ಲಿ ಹಬೆ, ಬಟ್ಟೆ ಸುತ್ತಿದ ಬದಿಯನ್ನು ನನ್ನ ಕಡೆ ತಿರುಗಿಸಿ, ಸುಡುವ ಬದಿಯನ್ನು ತಾನು ಹಿಡಿದುಕೊಂಡು ನಿಂತಿದ್ದಾಳೆ, ಸುಡುವ ಬದಿಯನ್ನು ತಾನು