ಗಾಬ್ನೆಟ್ ಲೂಸಿಯ ಊರ ಬೆಂಕಿ

ವರ್ಷಕ್ಕೊಮ್ಮೆ ತನ್ನ ಕೈಯಾರೆ ಒಲೆಗೆ ನೀರು ಸುರಿದು, ಸಂಜೆಯವರೆಗೆ ಚಳಿಯಲ್ಲಿ ನಡುಗುತ್ತಾ ಕೂರುವುದನ್ನು ವ್ರತದಂತೆ ನಡೆಸಿಕೊಂಡು ಬಂದ ಹೆಂಗಸು ಗಾಬ್ನೆಟ್ ಲೂಸಿ. ಕಡಲಿನಲ್ಲಿ ಮುಳುಗಿಹೋದ ಗಂಡನ ಕೋಟು ತೊಟ್ಟು, ಎಡಗಾಲು ಎಳೆಯುತ್ತಾ, ಎದುರಿಗೆ ಬಂದವರೇ ದಾರಿ ಬಿಡಬೇಕೆಂಬ ಗತ್ತಿನಲ್ಲಿ ನಡೆಯುತ್ತಿದ್ದಳು, ನಾವು ಬಿಡುತ್ತಿದ್ದೆವು.

ಅಕ್ಟೋಬರಿನ ಕಡೆಯ ದಿನ ನಮ್ಮಲ್ಲಿ ಸೌವಿನ್ ಹಬ್ಬ. ಬೆಳಕಿನ ಅರ್ಧವರ್ಷ ಮುಗಿದು ಕತ್ತಲೆಯ ಅರ್ಧವರ್ಷ ಹುಟ್ಟುವ ಸಂಧಿಕಾಲ. ಸತ್ತವರು ಮನೆಗೆ ಬರುವ ಸಂಜೆ. ಅಂದು ಪ್ರತಿ ಮನೆಯ ಬೆಂಕಿಯೂ ಆರಿ, ಗುಡ್ಡದ ಮೇಲೆ ಹೊತ್ತಿಸಿದ ಒಂದೇ ಬೆಂಕಿಯಿಂದ ಮತ್ತೆ ಉರಿಯಬೇಕು. ಆ ವರ್ಷ ಮೇಲಿನ ಅಧಿಕಾರಿಗಳು ಗುಡ್ಡದ ಬೆಂಕಿಯನ್ನು ನಿಷೇಧಿಸಿದರು; ಬದಲಿಗೆ ಹೋಟೆಲಿನ ಅಂಗಳದಲ್ಲಿ ಕುಂಬಳಕಾಯಿ ಕೊರೆಯುವ ಸ್ಪರ್ಧೆ. ಊರು ತಲೆಯಾಡಿಸಿತು. ನಾನೂ ಆಡಿಸಿದೆ ಎನ್ನಲು ಈಗ ನಾಚಿಕೆಯಾಗುತ್ತದೆ.

ಗಾಬ್ನೆಟ್ ಎಂದಿನಂತೆ ಮಧ್ಯಾಹ್ನವೇ ಒಲೆ ಆರಿಸಿದಳು. ಗುಡ್ಡ ಉರಿಯದಿದ್ದರೆ ಗಂಡ ಡೋನಲ್ ಬಂದು ತಣ್ಣನೆಯ ಒಲೆಯ ಮುಂದೆ ಕೂರಬೇಕು. ಅವಳ ಸಂಕಟವೆಲ್ಲ ಅದೊಂದೇ. ಕಡ್ಡಿ ಗೀರಿ ಹಚ್ಚಿಕೋ ಎಂದು ಬುದ್ಧಿ ಹೇಳಲು ಹೋದವನು ನಾನು.

"ಇಲ್ಲಿ ಗೀರಿದ್ರೆ ಅದು ನನ್ನೊಬ್ಬಳ ಬೆಂಕಿ ಕಣಯ್ಯಾ. ಅವನು ಬರೋದು ಊರ ಬೆಂಕಿ ನೋಡ್ಕೊಂಡು."

ಹಾಗೆಂದವಳೇ ಉರುವಲಿಗೆಂದು ಒಣಗಿಸಿದ ಜೌಗುಮಣ್ಣಿನ ಹೆಂಟೆಗಳ ಬುಟ್ಟಿಯನ್ನು ಬೆನ್ನಿಗೇರಿಸಿ ಗುಡ್ಡ ಹತ್ತಿದಳು. ಪೊಲೀಸ್ ಸಾರ್ಜೆಂಟ್ ಫಿಂಟನ್ ಹಿಂದೆಯೇ ಹೋಗಿ ನೋಟೀಸು ಕೊಟ್ಟ. ಅವಳು ಕಾಗದ ಚೆನ್ನಾಗಿ ಒಣಗಿದೆ ಎಂದು ಮೆಚ್ಚಿ, ಅದನ್ನು ಮುದುರಿ ಹೆಂಟೆಗಳ ಅಡಿಗಿಟ್ಟು ಬೆಂಕಿ ಹಚ್ಚಿದಳು.

ಹೊಗೆ ಕಂಡದ್ದೇ ತಡ, ಅರ್ಧ ಕೊರೆದ ಕುಂಬಳಕಾಯಿಗಳನ್ನು ಅಲ್ಲೇ ಬಿಟ್ಟು ನಾವೆಲ್ಲ ಕೆಂಡ ತರಲು ಬಕೆಟ್ಟು ಹಿಡಿದು ಗುಡ್ಡ ಹತ್ತಿದೆವು. ಅವಳು ಕೆಂಡ ಕೊಡಲಿಲ್ಲ. ಮನೆಯ ಬೆಂಕಿ ಆರಿಸಿ ಬಂದಿರಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಯಾರೂ ಆರಿಸಿರಲಿಲ್ಲ, ಉರಿಯುವ ಒಲೆಯನ್ನು ಹಿಂದೆ ಬಿಟ್ಟು ಕೆಂಡ ಬೇಡಲು ಬಂದ ಜಾಣರು ನಾವು. ಎಲ್ಲರನ್ನೂ ವಾಪಸು ಅಟ್ಟಿದಳು. ಫಿಂಟನ್ನನ್ನೂ ಬಿಡಲಿಲ್ಲ.

"ಸತ್ತ ನಿಮ್ಮಪ್ಪ ಇವತ್ತು ಬಂದು ಎಲ್ಲಿ ಕೂರ್ತಾನೋ, ನಿನ್ನ ಸ್ಟೇಷನ್ನಲ್ಲಾ?"

ಅವನು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮೆಲ್ಲರಿಗಿಂತ ಮೊದಲು ಇಳಿದ. ಮರಳಿದಾಗ ಮೊಣಕೈವರೆಗೂ ಒಲೆಯ ಬೂದಿ ಮೆತ್ತಿತ್ತು. ಮೊದಲ ಕೆಂಡವನ್ನು ಅವನೇ ಹೊತ್ತು ಅವಳ ಮನೆಗೆ ಒಯ್ದ. ಡೋನಲನ ಕುರ್ಚಿಯ ಮುಂದೆ ಒಲೆ ಉರಿಯಿತು.

ಇಂಥವರನ್ನು ಲೋಕ ಹಟಮಾರಿಗಳೆಂದು ಹಂಗಿಸುತ್ತದೆ. ಹಂಗಿಸಲಿ. ಕಾಗದಕ್ಕೆ ಹೆದರಿ ಬೆಚ್ಚಗೆ ಬದುಕಲು ನಮಗೆ ಯಾರೂ ಕಲಿಸಬೇಕಿಲ್ಲ. ಇಂಥವರು ಮೊದಲು ತಾವು ಚಳಿಯಲ್ಲಿ ಕೂರುತ್ತಾರೆ, ಆಮೇಲಷ್ಟೇ ನಮ್ಮ ಕಡೆ ತಿರುಗಿ, ನೀನು ಏನು ಆರಿಸಿ ಬಂದೆ ಎಂದು ಕೇಳುತ್ತಾರೆ.